ಆಡಿ ಟಿಟಿ ತಗೊಳ್ಳಲಾ, ಮಸ್ಟಾಂಗ್ ಜಿಟಿ ತಗೊಳ್ಳಲಾ? ದಿನಾ ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಿಸಬೇಕು

ಜಯನಗರದವ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಎರಡು ಕಾರುಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಸ್ನೇಹಿತರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಲ್ಲಿ ಇಂಥ ಕಾರು ಇಟ್ಟುಕೊಂಡು ನಿಜವಾಗಿ ಓಡಿಸುವವರು ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ಒಂದು, 2016ರ ಆಡಿ ಟಿಟಿ ಕೂಪೆ. 2.0 ಲೀಟರ್ ಟರ್ಬೊ ಪೆಟ್ರೋಲ್, 230 ಎಚ್‌ಪಿ, ಕ್ವಾಟ್ರೊ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ. ಕೆಎ 03 ನೋಂದಣಿ, ಎರಡನೇ ಮಾಲೀಕರು, 41,000 ಕಿ.ಮೀ. ಓಡಿದೆ. 30 ಲಕ್ಷ ಕೇಳುತ್ತಿದ್ದಾರೆ.

ಇನ್ನೊಂದು, 2017ರ ಫೋರ್ಡ್ ಮಸ್ಟಾಂಗ್ ಜಿಟಿ. 5.0 ಲೀಟರ್ ವಿ8 (ಎಂಟು ಸಿಲಿಂಡರ್) ಇಂಜಿನ್, ಸುಮಾರು 400 ಎಚ್‌ಪಿ, 6 ಗೇರಿನ ಆಟೊಮ್ಯಾಟಿಕ್. ಮೊದಲ ಮಾಲೀಕರು, 23,000 ಕಿ.ಮೀ. ಕಾರು ಹೈದರಾಬಾದಿನಲ್ಲಿದೆ, ತೆಲಂಗಾಣ ನೋಂದಣಿ. 42 ಲಕ್ಷ ಹೇಳುತ್ತಿದ್ದಾರೆ.

ನನ್ನ ಬಳಿ ಎಲ್ಲಾ ಸೇರಿ 45 ಲಕ್ಷ ಇದೆ. ಸಾಲ ಮಾಡುವ ಆಸೆ ಇಲ್ಲ. ಮನೆ ಜಯನಗರ 4ನೇ ಬ್ಲಾಕ್ ಹತ್ತಿರ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಹೋಗಿ ಬರುವುದು ಸುಮಾರು 30 ಕಿ.ಮೀ. ವಾರಕ್ಕೆ ಐದು ದಿನ. ಮನೆಯಲ್ಲಿ ಇನ್ನೊಂದು ಚಿಕ್ಕ ಕಾರು ಇದೆ, ಅದನ್ನು ಹೆಂಡತಿ ಓಡಿಸುತ್ತಾಳೆ. ಮಗಳಿಗೆ ಆರು ವರ್ಷ. ಅಪ್ಪನಿಗೆ 71, ಮಂಡಿ ನೋವಿದೆ. ಪಾರ್ಕಿಂಗ್ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಇಳಿಯುವ ದಾರಿ ಸ್ವಲ್ಪ ಕಡಿದು.

ಮನಸ್ಸು ಮಸ್ಟಾಂಗ್ ಕಡೆಗೇ ಇದೆ. ಹಾಸ್ಟೆಲ್ ಗೋಡೆಯ ಮೇಲೆ ಅಂಟಿಸಿಕೊಂಡಿದ್ದ ಚಿತ್ರ ಅದು. ಅಂಥ ಕಾರು ನನ್ನದಾಗಬಹುದು ಅಂತ ಆಗ ಅನಿಸಿರಲಿಲ್ಲ, ಈಗ ಆಗಬಹುದು. ಆದರೆ ಇದು ಭಾನುವಾರಕ್ಕೆ ಮಾತ್ರ ತೆಗೆಯುವ ಕಾರಲ್ಲ, ದಿನಾ ಓಡಿಸುವ ಕಾರು. ಅನುಭವ ಇರುವವರು ದಯವಿಟ್ಟು ಹೇಳಿ.

ಗಾಂಧಿಬಜಾರ್

ಟಿಟಿ. ಯೋಚನೆಯೇ ಬೇಡ.

ವಿ8 ಅಭಿಮಾನಿ

ಸ್ವಲ್ಪ ತಾಳಿ ಸರ್, ಅಷ್ಟು ಬೇಗ ಬೇಡ. ನಾನು ಐದು ವರ್ಷದಿಂದ ಮಸ್ಟಾಂಗ್ ಜಿಟಿ ಇಟ್ಟುಕೊಂಡಿದ್ದೇನೆ. ದಿನಾ ಓಡಿಸಲು ಆಗುವುದೇ ಇಲ್ಲ ಅಂತ ಹೇಳುವವರು ಹೆಚ್ಚಿನವರು ಓಡಿಸಿಯೇ ಇರುವುದಿಲ್ಲ.

ಜನ ಮರೆಯುವ ಒಂದು ವಿಷಯ ಹೇಳುತ್ತೇನೆ. ಜಾಮ್‌ನಲ್ಲಿ ಮಸ್ಟಾಂಗ್ ಟಿಟಿಗಿಂತ ಸಲೀಸು. ಮಸ್ಟಾಂಗಿನದು ಹಳೆ ಕಾಲದ ರೀತಿಯ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್. ಬ್ರೇಕಿನಿಂದ ಕಾಲು ತೆಗೆದರೆ ಬೆಣ್ಣೆಯ ಹಾಗೆ ಜಾರಿಕೊಂಡು ಮುಂದೆ ಹೋಗುತ್ತದೆ. ಟಿಟಿಯಲ್ಲಿ ಇರುವುದು ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ಎಸ್ ಟ್ರಾನಿಕ್. ಅಂಗುಲ ಅಂಗುಲ ಜರುಗುವಾಗ ಆ ಕ್ಲಚ್ ಪ್ರತಿ ಸಲ ಹಿಡಿದು ಬಿಡಬೇಕು. ಸಿಲ್ಕ್ ಬೋರ್ಡ್ ಸಂಜೆ ಏಳಕ್ಕೆ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ.

ಇಂಜಿನ್ ಕೂಡ ಸರಳ. 4,951 ಸಿಸಿ, ಟರ್ಬೊ ಇಲ್ಲ. ಒತ್ತಡ ಹಾಕಿ ಗಾಳಿ ತುಂಬುವ ಕೊಳವೆಗಳ ತಂಟೆ ಇಲ್ಲ. 1,500 ಆರ್‌ಪಿಎಂನಲ್ಲಿ ಸುಮ್ನೆ ಗುನುಗಿಕೊಂಡು ಹೋಗುತ್ತದೆ. ಬೆಂಗಳೂರಿನ ಹವಾಮಾನದಲ್ಲಿ ನನ್ನ ಕಾರು ಒಂದು ಸಲವೂ ಬಿಸಿ ಹೆಚ್ಚಾಗಿ ನಿಂತಿಲ್ಲ.

ಇನ್ನು ಆ ಶಬ್ದ. ಅದನ್ನು ಲೆಕ್ಕದಲ್ಲಿ ಬರೆಯಲು ಆಗುವುದಿಲ್ಲ. ಬೆಳಿಗ್ಗೆ ಬೀಗ ತೆಗೆದು ಸ್ಟಾರ್ಟ್ ಮಾಡಿದಾಗ ಪ್ರತಿ ದಿನ ಖುಷಿಯಾಗುತ್ತದೆ. ಐದು ವರ್ಷ ಆದರೂ.

ಸ್ಪ್ಯಾನರ್

ಮೇಲಿನವರು ಗೇರ್‌ಬಾಕ್ಸ್ ಬಗ್ಗೆ ಹೇಳಿದ್ದು ಸರಿ. ನಾನು 18 ವರ್ಷದಿಂದ ಜರ್ಮನ್ ಕಾರುಗಳ ಕೆಲಸ ಮಾಡುತ್ತಿದ್ದೇನೆ. ಆದರೆ ಒಂದು ತಿದ್ದುಪಡಿ. ಹೆಸರು ಕೆಡಿಸಿಕೊಂಡಿದ್ದು 7 ಗೇರಿನ ಒಣ ಕ್ಲಚ್ಚಿನ ಬಾಕ್ಸ್. ಈ ಟಿಟಿಯಲ್ಲಿರುವುದು 6 ಗೇರಿನ ಡಿಕ್ಯೂ250. ಇದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಹೊತ್ತುಕೊಂಡು ಹೋಗುತ್ತದೆ. ತುಂಬಾ ಗಟ್ಟಿ ಪೆಟ್ಟಿಗೆ. ಆದರೆ ಅದರ ಎಣ್ಣೆ ಮತ್ತು ಫಿಲ್ಟರ್ 60,000 ಕಿ.ಮೀ.ಗೆ ಬದಲಾಯಿಸಲೇಬೇಕು. ಬೆಂಗಳೂರಿನಲ್ಲಿ ಓಡುವ ಕಾರಿಗೆ ನಾನು 40,000ಕ್ಕೇ ಮಾಡಿಸಿ ಅನ್ನುತ್ತೇನೆ. ಇಲ್ಲಿ 40,000 ಕಿ.ಮೀ. ಅಂದರೆ ಇಂಜಿನ್ ಓಡಿದ ಗಂಟೆ ಲೆಕ್ಕದಲ್ಲಿ ಬೇರೆ ಊರಿನ ದುಪ್ಪಟ್ಟು.

ಟಿಟಿ ನೋಡಲು ಹೋದಾಗ ಇವು ನೋಡಿ. ಇಂಜಿನ್ನಿನ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿರುತ್ತವೆ. ಈ ಇಂಜಿನ್ನಿಗೆ ಎಲ್ಲಾ ದೇಶದಲ್ಲೂ ಇರುವ ಕಾಯಿಲೆ ಅದು. ಪ್ಲಾಸ್ಟಿಕ್ ಬಿಸಿಗೆ ಸೊಟ್ಟಗಾಗಿ ಕೂಲೆಂಟ್ ಸೋರುತ್ತದೆ. ಟಾರ್ಚ್ ಹಾಕಿ ನೋಡಿ, ಗುಲಾಬಿ ಬಣ್ಣದ ಒಣಗಿದ ಕಲೆ ಕಂಡರೆ ಸೋರುತ್ತಿದೆ ಅಂತಲೇ ಅರ್ಥ. ಕೂಲೆಂಟ್ ಡಬ್ಬಿಯ ಮಟ್ಟ ಕೆಳಗಿದ್ದರೂ ಅನುಮಾನ ಪಡಿ.

ಎರಡನೆಯದು ಹಾಲ್ಡೆಕ್ಸ್. ಟಿಟಿಯ ಕ್ವಾಟ್ರೊ ದೊಡ್ಡ ಆಡಿಗಳ ಹಾಗಲ್ಲ. ಇಂಜಿನ್ ಅಡ್ಡ ಕೂತಿದೆ, ಮುಂದಿನ ಚಕ್ರವೇ ಮುಖ್ಯ, ಬೇಕಾದಾಗ ಹಾಲ್ಡೆಕ್ಸ್ ಕ್ಲಚ್ ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುತ್ತದೆ. ಅದಕ್ಕೆ ಒಂದು ಸಣ್ಣ ಪಂಪ್, ಪಂಪಿಗೆ ಒಂದು ಜಾಲರಿ. ಆ ಜಾಲರಿ ಕೆಸರು ಕಟ್ಟಿದರೆ ಪಂಪ್ ಸಾಯುತ್ತದೆ. ಆಗ ನಿಮ್ಮ ಕ್ವಾಟ್ರೊ ಬರೀ ಮುಂದಿನ ಚಕ್ರದ ಕಾರು. ಎಣ್ಣೆ ಮೂರು ವರ್ಷಕ್ಕೊಮ್ಮೆ ಬದಲಾಗಬೇಕು. ಬಹಳ ಕಡೆ ಎಣ್ಣೆ ಮಾತ್ರ ಬದಲಿಸಿ ಜಾಲರಿ ತೆಗೆಯುವುದೇ ಇಲ್ಲ. ಬಿಲ್ಲಿನಲ್ಲಿ ಏನು ಬರೆದಿದ್ದಾರೆ ಅಂತ ಓದಿ.

ನಾಲ್ಕು ಟೈರೂ ಒಂದೇ ಕಂಪನಿ, ಒಂದೇ ಸವೆತ ಇದ್ದರೆ ಒಳ್ಳೆಯದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೀರು ಎಷ್ಟೇ ಆಳ ಉಳಿದಿದ್ದರೂ ಬದಲಿಸುವ ಖರ್ಚು ಹಿಡಿದುಕೊಳ್ಳಿ.

ಜಯನಗರದವ

ಸ್ಪ್ಯಾನರ್ ಸರ್, ತುಂಬಾ ಧನ್ಯವಾದ. ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಟಿಟಿಯ ಸರ್ವಿಸ್ ಬಿಲ್ ತರಿಸಿಕೊಳ್ಳುತ್ತೇನೆ. ಪೆಟ್ರೋಲ್ ಖರ್ಚು ಎಷ್ಟು ಬರಬಹುದು? ಜಾಹೀರಾತಿನ ಲೆಕ್ಕ ಬೇಡ, ನಮ್ಮ ರಸ್ತೆಯ ಲೆಕ್ಕ ಹೇಳಿ.

ವಿ8 ಅಭಿಮಾನಿ

ಸುಳ್ಳು ಹೇಳುವುದಿಲ್ಲ. ಊರೊಳಗೆ ನನಗೆ ಲೀಟರಿಗೆ 4 ಕಿ.ಮೀ. ಮಳೆ ಬಂದು ಜಾಮ್ ಆದ ದಿನ 3. ಹೈವೇಯಲ್ಲಿ 100ರಲ್ಲಿ ಹೋದರೆ 9 ಬಂದಿದೆ.

ಹೊಸೂರು ರೋಡ್

ನನ್ನದು ಟಿಟಿ, 2015ರದು. ನೀವು ಹೋಗುವ ದಾರಿಯೇ ನಂದು, ಬೊಮ್ಮನಹಳ್ಳಿಯಿಂದ ಆಚೆ ಮೇಲ್ಸೇತುವೆ ಹತ್ತುತ್ತೇನೆ. ನನಗೆ 8 ಸಿಗುತ್ತದೆ. ಮೇಲ್ಸೇತುವೆ ಖಾಲಿ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ.

ಲೆಕ್ಕ ಹಾಕೋಣ. ದಿನಕ್ಕೆ 30 ಕಿ.ಮೀ., ವಾರಾಂತ್ಯದ ಓಡಾಟವೂ ಸೇರಿ ತಿಂಗಳಿಗೆ 25 ದಿನ ಅಂದರೆ 750 ಕಿ.ಮೀ. ಮಸ್ಟಾಂಗಿಗೆ 187 ಲೀಟರ್, ಟಿಟಿಗೆ 94 ಲೀಟರ್. 95 ಆಕ್ಟೇನ್ ಪೆಟ್ರೋಲ್ ಲೀಟರಿಗೆ 110 ರೂಪಾಯಿ ಅಂತ ಹಿಡಿದರೆ ಒಂದಕ್ಕೆ 20,600, ಇನ್ನೊಂದಕ್ಕೆ 10,300. ತಿಂಗಳಿಗೆ ಹತ್ತು ಸಾವಿರದ ವ್ಯತ್ಯಾಸ. 42 ಲಕ್ಷದ ಕಾರು ತಗೊಳ್ಳುವವರಿಗೆ ಇದು ದೊಡ್ಡದಲ್ಲ ಅಂತ ಅನಿಸಬಹುದು. ಆದರೆ ದುಡ್ಡಿಗಿಂತ ಬೇಸರ ತರುವುದು ಬಂಕ್. ಮಸ್ಟಾಂಗ್ ಟ್ಯಾಂಕ್ ಸುಮಾರು 60 ಲೀಟರ್. ಎಂಟು ಹತ್ತು ದಿನಕ್ಕೊಮ್ಮೆ ಬಂಕಿನಲ್ಲಿ ಸಾಲು ನಿಲ್ಲಬೇಕು.

ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಮಾಮೂಲಿ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಈ ಎರಡು ಕಾರೂ ಬಂದಿದ್ದು ಅದಕ್ಕೆ ಮುಂಚೆ, ಅಷ್ಟು ಎಥನಾಲಿಗೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ, ಕಾರಿನ ಪುಸ್ತಕ ಎರಡೂ ಓದಿಕೊಳ್ಳಿ. ವಾರಗಟ್ಟಲೆ ನಿಲ್ಲಿಸುವುದಾದರೆ ಹಳೆ ಪೆಟ್ರೋಲ್ ತುಂಬಿ ಇಡಬೇಡಿ.

ಕಾಗದಪತ್ರ

ಎಲ್ಲರೂ ಇಂಜಿನ್ ನೋಡುತ್ತಿದ್ದೀರಿ, ನಂಬರ್ ಪ್ಲೇಟ್ ಯಾರೂ ನೋಡಲಿಲ್ಲ. ಈ ಚರ್ಚೆಯಲ್ಲಿ ಅತಿ ಮುಖ್ಯ ವಿಷಯ ಅದೇ ಅಂತ ನನ್ನ ಅಭಿಪ್ರಾಯ.

ಮಸ್ಟಾಂಗ್ ತೆಲಂಗಾಣದ್ದು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇಲ್ಲಿನ ನಂಬರ್ ತಗೊಳ್ಳಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅದು ಫಾರ್ಮ್ 28. ಆಮೇಲೆ ಇಲ್ಲಿ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಹೊಸದಾದರೆ 18 ಶೇಕಡಾ, ಅದರ ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಶುರುವಾಗುವುದು ಕಾರಿನ ಮೊದಲ ಬೆಲೆಯಿಂದ, ನೀವು ಕೊಟ್ಟ 42 ಲಕ್ಷದಿಂದ ಅಲ್ಲ. 2016ರಲ್ಲಿ ಮಸ್ಟಾಂಗ್ ಇಲ್ಲಿಗೆ ಬಂದಾಗ ದೆಹಲಿ ಶೋರೂಂ ಬೆಲೆಯೇ 65 ಲಕ್ಷ. ಹಾಗಾಗಿ ಎಷ್ಟು ಕಡಿಮೆ ಮಾಡಿದರೂ ಲಕ್ಷಗಳಲ್ಲೇ ಕಟ್ಟಬೇಕು. ನಿಮ್ಮ 45 ಲಕ್ಷದಲ್ಲಿ ಉಳಿಯುವುದು ಮೂರೇ ಲಕ್ಷ. ಅಲ್ಲಿನ ಉಳಿದ ಅವಧಿಯ ತೆರಿಗೆಯನ್ನು ವಾಪಸ್ ಕೇಳಬಹುದು, ಆದರೆ ಆ ದುಡ್ಡು ಬರುವ ತನಕ ಕೈಯಿಂದ ಹಾಕಿರಬೇಕು.

ಸುಮ್ನೆ ಹಾಗೇ ಓಡಿಸಿದರೆ ಆಯ್ತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ದುಬಾರಿ ಕಾರುಗಳನ್ನು ಹುಡುಕಿ ಹಿಡಿದರು. ನಿಮ್ಮ ಕಾರು ಸದ್ದು ಮಾಡಿಕೊಂಡೇ ಬರುತ್ತದೆ, ಬಚ್ಚಿಡಲು ಆಗುವುದಿಲ್ಲ.

ಟಿಟಿ ಕೆಎ 03, ಅಂದರೆ ಇಂದಿರಾನಗರ. ನಿಮ್ಮದು ಕೆಎ 05. ರಾಜ್ಯದೊಳಗೇ ಇರುವುದರಿಂದ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಫಾರ್ಮ್ 29, 30 ಹಾಕಿ ಹೆಸರು ಬದಲಿಸಿದರೆ ಮುಗಿಯಿತು. ಹಳೆ ಸಾಲ ಇದ್ದರೆ ಫಾರ್ಮ್ 35 ಕೂಡ ಬೇಕು. ದುಡ್ಡು ಕೊಡುವ ಮುಂಚೆ ಬಾಕಿ ದಂಡ ಇದೆಯಾ ನೋಡಿಕೊಳ್ಳಿ.

ಇನ್ಶೂರೆನ್ಸಿನಲ್ಲಿ ಥರ್ಡ್ ಪಾರ್ಟಿ ಕಂತು ಎರಡಕ್ಕೂ ಒಂದೇ. 1,500 ಸಿಸಿ ದಾಟಿದರೆ 2 ಲೀಟರೂ ಅಷ್ಟೇ, 5 ಲೀಟರೂ ಅಷ್ಟೇ. ವ್ಯತ್ಯಾಸ ಬರುವುದು ಕಾರಿನ ಸ್ವಂತ ಹಾನಿಯ ಭಾಗದಲ್ಲಿ.

ಮಳೆನೀರು

ಇನ್ಶೂರೆನ್ಸ್ ಮಾತು ಬಂದಿದ್ದಕ್ಕೆ ನನ್ನ ಅನುಭವ ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ರಸ್ತೆಯೆಲ್ಲ ಕೆರೆಯಾಗಿತ್ತಲ್ವಾ, ಆಗ ನನ್ನ ಕಾರು ನಿಂತಿತು. ಅದು ಸ್ಪೋರ್ಟ್ಸ್ ಕಾರೂ ಅಲ್ಲ, ಸಾಧಾರಣ ಸೆಡಾನ್. ನೀರು ಬಂಪರ್ ಮಟ್ಟಕ್ಕೆ ಬಂತು, ಇಂಜಿನ್ ಆಫ್ ಆಯಿತು. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದೆ. ಆ ಒಂದು ತಪ್ಪಿಗೆ ಇಂಜಿನ್ ಹೋಯಿತು. ಸಿಲಿಂಡರಿನೊಳಗೆ ನೀರು ಹೋದರೆ ಪಿಸ್ಟನ್ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನನ್ನ ಪಾಲಿಸಿಯಲ್ಲಿ ಇಂಜಿನ್ ರಕ್ಷಣೆ ಸೇರಿಸಿರಲಿಲ್ಲ. ಕ್ಲೇಮ್ ಕೊಡಲಿಲ್ಲ. ಏಜೆಂಟ್ ಎಲ್ಲಾ ಸೇರಿದೆ ಅಂತ ಬಾಯಲ್ಲಿ ಹೇಳಿದ್ದ, ಕಾಗದದಲ್ಲಿ ಇರಲಿಲ್ಲ. ಆರು ತಿಂಗಳು ಅಲೆದೆ, ಏನೂ ಆಗಲಿಲ್ಲ.

ದಯವಿಟ್ಟು ನೀವು ಯಾವ ಕಾರು ತಗೊಂಡರೂ ಇಂಜಿನ್ ರಕ್ಷಣೆ ಸೇರಿಸಿಕೊಳ್ಳಿ. ಪಾಲಿಸಿ ಕಾಗದ ನೀವೇ ಓದಿ. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಂದು ಜೀವವೇ ಹೋಯಿತು. ತಗ್ಗು ಕಾರಿನಲ್ಲಿ ನೀರಿನ ಅಂದಾಜು ಇನ್ನೂ ಕಷ್ಟ. ಕೂತ ಜಾಗವೇ ಕೆಳಗಿರುತ್ತದೆ.

ಇಬ್ಬರು ಮಕ್ಕಳ ಅಮ್ಮ

ಮಗಳು ಹಿಂದೆ ಕೂರುತ್ತಾಳಾ? ಹಾಗಾದರೆ ಇದನ್ನು ಕೇಳಿ.

ಯುರೋ ಎನ್‌ಕ್ಯಾಪ್ ಅನ್ನುವ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಮಸ್ಟಾಂಗಿಗೆ 2017ರ ಜನವರಿಯಲ್ಲಿ ಸಿಕ್ಕಿದ್ದು ಐದರಲ್ಲಿ ಎರಡೇ ನಕ್ಷತ್ರ. ಮುಂದಿನ ಏರ್‌ಬ್ಯಾಗ್ ಸಾಕಷ್ಟು ಉಬ್ಬಲಿಲ್ಲ. ಹಿಂದೆ ಕೂರಿಸಿದ್ದ ಪರೀಕ್ಷೆಯ ಗೊಂಬೆ ಬೆಲ್ಟಿನ ಕೆಳಗಿನಿಂದ ಜಾರಿತು. ಹಿಂದಿನ ಬೆಲ್ಟಿಗೆ ಬಿಗಿ ಮಾಡುವ ಸಾಧನವೇ ಇರಲಿಲ್ಲ. ಆಮೇಲೆ ಕಂಪನಿಯವರು ಸುಧಾರಿಸಿದರು, ಅದೇ ವರ್ಷ ಮತ್ತೆ ಪರೀಕ್ಷೆ ಮಾಡಿದಾಗ ಮೂರು ಬಂತು. ನೀವು ನೋಡುತ್ತಿರುವ 2017ರ ಕಾರು ಸುಧಾರಣೆಗೆ ಮುಂಚಿನ ಮಾದರಿ. ಟಿಟಿಗೆ 2015ರಲ್ಲಿ ನಾಲ್ಕು ನಕ್ಷತ್ರ ಸಿಕ್ಕಿದೆ.

ಟಿಟಿಯ ಹಿಂದಿನ ಸೀಟು ಚಿಕ್ಕದು, ದೊಡ್ಡವರು ಕೂರಲು ಆಗುವುದೇ ಇಲ್ಲ. ಆರು ವರ್ಷದ ಮಗು ಎತ್ತರ ಕೊಡುವ ಬೂಸ್ಟರ್ ಸೀಟಿನ ಮೇಲೆ ಕೂರಬಹುದು. ಹಿಂದಿನ ಗಾಜಿನ ಬಾಗಿಲು ಮುಚ್ಚುವಾಗ ಮಾತ್ರ ಮಗುವಿನ ತಲೆ ನೋಡಿಕೊಂಡು ಮುಚ್ಚಿ. ಮುಂದೆ ಎತ್ತರ ಬೆಳೆದಂತೆ ಅದೇ ತೊಂದರೆ.

ನನಗೂ ವೇಗದ ಕಾರು ಇಷ್ಟ. ಮದುವೆಗೆ ಮುಂಚೆ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಹೋಗಿ ಓಡಿಸಿದ್ದೇನೆ. ಆದರೆ ಮಗು ಹಿಂದೆ ಕೂರುವ ಕಾರಿನ ಲೆಕ್ಕವೇ ಬೇರೆ.

ವಿ8 ಅಭಿಮಾನಿ

ಅಕ್ಕ ಹೇಳಿದ್ದು ನಿಜ. ನನ್ನ ಮಕ್ಕಳು ದೊಡ್ಡವರು, ಹಿಂದೆ ಯಾರೂ ಕೂರುವುದಿಲ್ಲ, ಹಾಗಾಗಿ ನಾನು ಆ ದೃಷ್ಟಿಯಿಂದ ಯೋಚಿಸಿರಲಿಲ್ಲ.

ಜಯನಗರದವರೇ, ನಿಮ್ಮ ಕಾರು ಹೈದರಾಬಾದಿನಲ್ಲಿದೆ. ಅದನ್ನು ನಿಮ್ಮ ಬೇಸ್‌ಮೆಂಟಿಗೆ ಇಳಿಸಿ ನೋಡಲು ಆಗುವುದಿಲ್ಲ. ನನ್ನದನ್ನು ತರುತ್ತೇನೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ, ಎಲ್ಲರೂ ಏಳುವ ಮುಂಚೆ. ನಿಮ್ಮ ರಸ್ತೆ, ನಿಮ್ಮ ಹಂಪ್, ನಿಮ್ಮ ಪಾರ್ಕಿಂಗ್. ನೋಡಿ ನಿರ್ಧಾರ ಮಾಡಿ.

ಜಯನಗರದವ

ಸರ್, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಖಂಡಿತ ಬನ್ನಿ. ತಿಂಡಿ ನಮ್ಮ ಮನೆಯಲ್ಲೇ.

ಆರ್‌ವಿ ರೋಡ್

ಮಧ್ಯೆ ಬರುತ್ತಿದ್ದೇನೆ, ತಪ್ಪು ತಿಳಿಯಬೇಡಿ. 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಓಡುತ್ತಿದೆ. ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಸಿಲ್ಕ್ ಬೋರ್ಡ್ ಮೇಲೆ ನೇರ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ. ನಿಮ್ಮ ಮನೆಯಿಂದ ಆಫೀಸಿಗೆ ಅಂತಲೇ ಹಾಕಿದ ಹಾಗಿದೆ. ನಾನು ಕಾರು ಬಿಟ್ಟು ಅದರಲ್ಲೇ ಹೋಗುತ್ತಿದ್ದೇನೆ.

ವಾರದಲ್ಲಿ ಎರಡು ಮೂರು ದಿನ ಮೆಟ್ರೊದಲ್ಲಿ ಹೋದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ. ಆಗ ಮಸ್ಟಾಂಗ್ ಕೂಡ ನಡೆಯಬಹುದು.

ಹೊಸೂರು ರೋಡ್

ಒಳ್ಳೆ ಮಾತು. ಆದರೆ ನನ್ನ ಅನುಭವದಲ್ಲಿ ಇಂಥ ಕಾರನ್ನು ನಿಲ್ಲಿಸಿದರೇ ತೊಂದರೆ. ಬ್ಯಾಟರಿ ಇಳಿಯುತ್ತದೆ, ಟೈರು ಒಂದೇ ಕಡೆ ಒತ್ತುತ್ತದೆ, ಬೇಸ್‌ಮೆಂಟಿನಲ್ಲಿ ಇಲಿ ವೈರ್ ಕಡಿಯುತ್ತದೆ. ನನ್ನ ಟಿಟಿಯ ಒಂದು ಸೆನ್ಸರ್ ವೈರ್ ಇಲಿ ಪಾಲಾಗಿದೆ. ಸ್ಪೋರ್ಟ್ಸ್ ಕಾರು ಆರೋಗ್ಯವಾಗಿ ಇರಬೇಕಾದರೆ ಓಡುತ್ತಿರಬೇಕು. ಹಾಗಾಗಿಯೇ ದಿನಾ ಓಡಿಸಲು ಆಗುವ ಕಾರನ್ನೇ ಆರಿಸಿ ಅಂತ ನಾನು ಹೇಳುವುದು. ಓಡಿಸಲು ಹಿಂಜರಿಯುವ ಕಾರು ನಿಧಾನವಾಗಿ ಕೆಡುತ್ತದೆ.

ಗೇರ್‌ಬಾಕ್ಸಿಗೆ ನಾನು ಮಾಡುವುದು ಇಷ್ಟೇ. ಜಾಮ್‌ನಲ್ಲಿ ಮುಂದಿನ ಗಾಡಿ ಜರುಗಿದ ತಕ್ಷಣ ನಾನು ಜರುಗುವುದಿಲ್ಲ. ಒಂದು ಕಾರಿನಷ್ಟು ಜಾಗ ಬಿಡುವ ತನಕ ಬ್ರೇಕ್ ಒತ್ತಿ ನಿಲ್ಲುತ್ತೇನೆ, ಆಮೇಲೆ ಒಂದೇ ಸಲ ಹೋಗುತ್ತೇನೆ. ಆ ಜಾಗಕ್ಕೆ ಆಟೊ ನುಗ್ಗುತ್ತದೆ, ನುಗ್ಗಲಿ. ಹತ್ತು ವರ್ಷದಲ್ಲಿ 88,000 ಕಿ.ಮೀ. ಆಗಿದೆ, ಕ್ಲಚ್ ಇನ್ನೂ ಮೊದಲಿನದೇ.

ಜಯನಗರದವ

ಭಾನುವಾರದ ವರದಿ.

ವಿ8 ಅಭಿಮಾನಿ ಸರ್ ಹೇಳಿದ ಸಮಯಕ್ಕೆ ಬಂದರು. ಶಬ್ದ ಮೂಲೆ ತಿರುಗುವ ಮುಂಚೆಯೇ ಕೇಳಿಸಿತು. ಎದೆಯಲ್ಲಿ ಏನೋ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಮಗಳು ಬಾಲ್ಕನಿಯಿಂದ ಕೂಗಿದಳು.

ಮೊದಲು ಹಂಪ್. ನಮ್ಮ ಅಡ್ಡರಸ್ತೆಯಲ್ಲಿ ಮೂರಿವೆ. ರಸ್ತೆಗಳ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಂತೆ. ಹಾಗಿದ್ದರೆ ಯಾವ ಕಾರಾದರೂ ದಾಟುತ್ತದೆ. ನಮ್ಮ ರಸ್ತೆಯದು ಒಂದು ಮೀಟರ್ ಅಗಲಕ್ಕೇ ಆ 10 ಸೆಂ.ಮೀ. ಎತ್ತರ, ಒಡ್ಡು ಕಟ್ಟಿದ ಹಾಗೆ. ಮಸ್ಟಾಂಗಿನ ಕೆಳಗೆ 137 ಮಿ.ಮೀ. ಜಾಗ ಇದೆ, ಮೂಗು ತಾಗಲಿಲ್ಲ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಮೂರನ್ನೂ ದಾಟಿದರು.

ಕಷ್ಟ ಆಗಿದ್ದು ಬೇಸ್‌ಮೆಂಟಿನ ಇಳಿಜಾರು ಶುರುವಾಗುವ ಅಂಚಿನಲ್ಲಿ. ಅಲ್ಲಿ ಓರೆಯಾಗಿ ಹೋಗಲು ಜಾಗ ಇಲ್ಲ, ಎರಡೂ ಕಡೆ ಗೋಡೆ. ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಮೇಲಿರುವಾಗ ಕಾರಿನ ಹೊಟ್ಟೆ ಅಂಚಿಗೆ ತಾಗಿ ಕರ್ ಅಂತು. ಮುಂದಿನ ಹಿಂದಿನ ಚಕ್ರದ ನಡುವೆ 2,720 ಮಿ.ಮೀ. ದೂರ ಇದೆಯಲ್ಲ, ಅದೇ ಕಾರಣ. ನನಗೆ ಜೀವವೇ ಹೋದ ಹಾಗಾಯಿತು. ಸರ್ ಮಾತ್ರ ಇಳಿದು ಬಗ್ಗಿ ನೋಡಿ, ಪ್ಲಾಸ್ಟಿಕ್ ತಗಡು ಅಷ್ಟೇ ಬಿಡಿ ಅಂದರು. ದೊಡ್ಡ ಮನಸ್ಸು.

ಆಮೇಲೆ ಪಾರ್ಕಿಂಗ್. ನಮ್ಮ ಜಾಗ ಎರಡೂವರೆ ಮೀಟರ್ ಅಗಲ, ಒಂದು ಪಕ್ಕ ಕಂಬ. ಕಾರು 1,916 ಮಿ.ಮೀ. ಉಳಿಯುವುದು 58 ಸೆಂ.ಮೀ. ಎರಡೇ ಬಾಗಿಲಿನ ಕಾರಿನ ಬಾಗಿಲು ಎಷ್ಟು ಉದ್ದ ಅಂತ ನಾನು ಯಾವತ್ತೂ ಗಮನಿಸಿರಲಿಲ್ಲ. ಬಾಗಿಲು ಕಾಲು ಭಾಗ ತೆರೆಯಿತು. ನಾನು ಹೇಗೋ ಹೊರಬಂದೆ. ಅಪ್ಪ ಅದರೊಳಗಿಂದ ಇಳಿಯಲು ಸಾಧ್ಯವೇ ಇಲ್ಲ.

ತಿಂಡಿ ಆದ ಮೇಲೆ ಸರ್ ನನಗೇ ಕೀಲಿ ಕೊಟ್ಟರು. ಕನಕಪುರ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ. ಆ ಅರ್ಧ ಗಂಟೆ ಮರೆಯುವುದಿಲ್ಲ.

ವಿ8 ಅಭಿಮಾನಿ

ಅಕ್ಕಿ ರೊಟ್ಟಿ ಬಹಳ ಚೆನ್ನಾಗಿತ್ತು, ಅಮ್ಮನಿಗೆ ಹೇಳಿ. ಕೆಳಗಿನ ತಗಡು ನೋಡಿಸಿದೆ, ಗೀರು ಅಷ್ಟೇ. ನನ್ನ ಮನೆ ಸಹಕಾರನಗರದಲ್ಲಿ, ನೆಲಮಟ್ಟದ ಗೇಟು, ಅಗಲ ರಸ್ತೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಈ ಕಾರು ತಗೊಳ್ಳುತ್ತಿರಲಿಲ್ಲ ಅಂತ ನಿನ್ನೆ ಅರ್ಥವಾಯಿತು.

ಗಾಂಧಿಬಜಾರ್

ಟಿಟಿ ಕೂಡ ಅಪ್ಪನಿಗೆ ತಗ್ಗೇ ಅಲ್ವಾ? ಅದನ್ನೂ ನೋಡಿ.

ಜಯನಗರದವ

ನೋಡಿದೆ. ಬುಧವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಫೀಸಿನ ದಾರಿಯಲ್ಲೇ ಟಿಟಿ ಓಡಿಸಿದೆ. ರಾಗಿಗುಡ್ಡದ ಎರಡಂತಸ್ತಿನ ಮೇಲ್ಸೇತುವೆ, ಸಿಲ್ಕ್ ಬೋರ್ಡ್, ಹೊಸೂರು ರಸ್ತೆ. ಜಾಮ್‌ನಲ್ಲಿ ಗೇರ್‌ಬಾಕ್ಸ್ ಸ್ವಲ್ಪ ತಡವರಿಸುತ್ತದೆ, ಅದು ನಿಜ. ಹೊಸೂರು ರೋಡ್ ಅವರು ಹೇಳಿದ ಹಾಗೆ ಜಾಗ ಬಿಟ್ಟು ಓಡಿಸಿದಾಗ ಅರ್ಧಕ್ಕರ್ಧ ಕಡಿಮೆಯಾಯಿತು. ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತಿದ ಮೇಲೆ ಬೇರೆಯೇ ಕಾರು. 80ರ ಒಳಗೇ ಇದ್ದೆ, ಆದರೂ ಸ್ಟೀರಿಂಗ್ ಮುಟ್ಟಿದರೆ ಸಾಕು ತಿರುಗುತ್ತದೆ. ಚಿಕ್ಕ ಕಾರಿನ ಖುಷಿ ಅದು. ಇಕ್ಕಟ್ಟಿನ ರಸ್ತೆಯಲ್ಲೂ ಸಿಗುತ್ತದೆ. ಮಸ್ಟಾಂಗಿನ ಖುಷಿಗೆ ಖಾಲಿ ರಸ್ತೆ ಬೇಕು.

ಬೇಸ್‌ಮೆಂಟಿಗೆ ಇಳಿಸಿದೆ. ಟಿಟಿಯ ಚಕ್ರಗಳ ನಡುವಿನ ದೂರ 2,505 ಮಿ.ಮೀ. ಅಂಚಿನಲ್ಲಿ ತಾಗಲಿಲ್ಲ. ನಾಲ್ಕು ಸಲ ಮಾಡಿ ನೋಡಿದೆ.

ಅಪ್ಪ ಕೂತರು. ಕೂರುವುದು ಸುಲಭ, ಏಳುವುದು ಕಷ್ಟ. ಎರಡು ಕಾಲೂ ಮೊದಲು ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು ಎದ್ದರು. ಮುಖದಲ್ಲಿ ನೋವು ಕಂಡಿತು. ಅವರನ್ನು ಆಸ್ಪತ್ರೆಗೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಲು ಹೆಂಡತಿಯ ಕಾರೇ ಸರಿ. ಅದನ್ನು ಅಪ್ಪನೇ ಹೇಳಿದರು.

ಸ್ಪ್ಯಾನರ್

ತಪಾಸಣೆ ಆಯಿತಾ?

ಜಯನಗರದವ

ಆಯಿತು ಸರ್. ನೀವು ಹೇಳಿದ್ದೇ ಸಿಕ್ಕಿತು. ಥರ್ಮೋಸ್ಟಾಟ್ ಗೂಡಿನ ಕೆಳಗೆ ಗುಲಾಬಿ ಕಲೆ. ಹಾಲ್ಡೆಕ್ಸ್ ಎಣ್ಣೆ 2020ರ ನಂತರ ಬದಲಿಸಿದ ದಾಖಲೆ ಇಲ್ಲ. ಗೇರ್‌ಬಾಕ್ಸ್ ಎಣ್ಣೆ ಇನ್ನೂ ಮೊದಲಿನದೇ. ಕಂಪ್ಯೂಟರ್ ಹಾಕಿ ನೋಡಿದರು, ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಓಡಿದ ಕಿ.ಮೀ. ಒಂದಕ್ಕೊಂದು ಹೊಂದುತ್ತಿದೆ, ಅಂದರೆ ಮೀಟರ್ ತಿರುಚಿಲ್ಲ. ಟೈರುಗಳು 2018ರವು.

ಈ ಪಟ್ಟಿ ಇಟ್ಟುಕೊಂಡು ಮಾತಾಡಿದೆ. ಮಾಲೀಕರು ಸಭ್ಯರು, 27 ಲಕ್ಷದ 75 ಸಾವಿರಕ್ಕೆ ಒಪ್ಪಿದರು. ನಾಲ್ಕು ಟೈರು, ವಾಟರ್ ಪಂಪ್, ಎರಡೂ ಎಣ್ಣೆ ನನ್ನ ಖರ್ಚು. ಇಂಜಿನ್ ರಕ್ಷಣೆ ಸೇರಿಸಿಯೇ ಇನ್ಶೂರೆನ್ಸ್ ಮಾಡಿಸಿದೆ, ಕಾಗದ ನಾನೇ ಓದಿದೆ.

ಸ್ಪ್ಯಾನರ್

ಜಾಲರಿ ತೆಗೆಸಿದಿರಾ?

ಜಯನಗರದವ

ಪಕ್ಕದಲ್ಲೇ ನಿಂತು ತೆಗೆಸಿದೆ. ಕಪ್ಪು ಕೆಸರು, ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಪಂಪ್ ಉಳಿಯಿತು. ಫೋಟೊ ನಾಳೆ ಹಾಕುತ್ತೇನೆ.

ವಿ8 ಅಭಿಮಾನಿ ಸರ್, ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಬಿಡುವಿದ್ದರೆ ಮೈಸೂರು ರಸ್ತೆಯಲ್ಲಿ ರಾಮನಗರದ ತನಕ ಹೋಗಿ ಬರೋಣ. ನೀವು ಮುಂದೆ ಹೋಗಿ, ನಾನು ಹಿಂದೆ ಬರುತ್ತೇನೆ. ಕಿಟಕಿ ಇಳಿಸಿಕೊಂಡು.